ಮಿಷನ್ ಸೂಜಿಗೆ ದಾರ ಪೋಣಿಸೋದು ಸುಲಭ ಮಾಡೋಕೆ ಏನು ದಾರಿ?

ನೂಲೆಳೆ
ಎಲ್ಲರಿಗೂ ನಮಸ್ಕಾರ. ಹಳೇ ಕಪ್ಪು ಕಾಲ್ಮಿಷನ್, ಬಾಬಿನ್ ಕೇಸ್ (ಕೆಳಗಿನ ದಾರದ ಉರುಳೆ ಕೂರೋ ಡಬ್ಬಿ) ಎಡಗಡೆಯಿಂದ ಹಾಕೋದು. ಹೊಲಿಯೋರಿಗೆ 60 ದಾಟಿದೆ, ಬೈಫೋಕಲ್ ಕನ್ನಡಕ. ಅಳತೆ, ಕತ್ತರಿಸೋದು, ಹೊಲಿಗೆ ಯಾವುದರಲ್ಲೂ ತೊಂದರೆ ಇಲ್ಲ. ಸೂಜಿಗೆ ದಾರ ಪೋಣಿಸೋ ಹೊತ್ತಿಗೆ ಮಾತ್ರ ಕುತ್ತಿಗೆ ಹಿಡ್ಕೊಂಡು ಹತ್ತು ನಿಮಿಷ. ಪೋಣಿಸಿದ ಮೇಲೂ ಪೆಡಲ್ ತುಳಿದ ಕೂಡಲೇ ದಾರ ಸೂಜಿ ಕಣ್ಣಿಂದ ಜಾರಿ ಬರುತ್ತೆ, ಮತ್ತೆ ಮೊದಲಿಂದ ಶುರು. ಸೂಜಿ ಹಿಂದೆ ಬಿಳಿ ಪೇಪರ್ ಇಟ್ಟು ನೋಡಿದ್ದಾಯ್ತು, ಪ್ರಯೋಜನ ಆಗಲಿಲ್ಲ. ಸೂಜಿ 14ನೇ ನಂಬರ್, ದಾರ ಮಾಮೂಲಿ ಪಾಲಿಯೆಸ್ಟರ್ ರೀಲು. ಹೊಸ ಮಿಷನ್ ತಗೊಳ್ಳಿ ಅನ್ನೋ ಸಲಹೆ ಬೇಡ, ಇರೋ ಮಿಷನ್ನಲ್ಲೇ ಏನು ಮಾಡಬಹುದು ಹೇಳಿ.

ಕತ್ತರಿಮನೆ
ದಾರದ ತುದೀನ ಹಲ್ಲಲ್ಲಿ ಕಡಿತಾರಾ, ಕತ್ತರೀಲಿ ಕತ್ತರಿಸ್ತಾರಾ? ಮೊದಲು ಅದು ಹೇಳಿ.

ನೂಲೆಳೆ
ಹಲ್ಲಲ್ಲೇ. ಆಮೇಲೆ ಎಂಜಲು ಹಚ್ಚಿ ಬೆರಳಲ್ಲಿ ಹೊಸೀತಾರೆ.

ಕತ್ತರಿಮನೆ
ಅರ್ಧ ತೊಂದರೆ ಅಲ್ಲೇ ಇದೆ. ಪಾಲಿಯೆಸ್ಟರ್ ದಾರ ಅಂದ್ರೆ ಎರಡು ಇಲ್ಲಾ ಮೂರು ಎಳೆ ಸೇರಿಸಿ ಹುರಿ ಮಾಡಿರೋದು. ಹಲ್ಲಲ್ಲಿ ಕಡಿದಾಗ ತುದಿ ಜಜ್ಜಿ ಹೋಗಿ ಹುರಿ ಬಿಚ್ಚುತ್ತೆ, ಒಂದು ಎಳೆ ಮುಂದೆ, ಒಂದು ಹಿಂದೆ, ಸುತ್ತ ಜುಂಜು. ಮುಂದಿರೋ ಎಳೆ ಕಣ್ಣಿಗೆ ಹೋಗುತ್ತೆ, ಉಳಿದದ್ದು ಹೊರಗೇ ಮಡಚಿ ನಿಲ್ಲುತ್ತೆ. ಹೋಯ್ತು ಅಂದುಕೊಂಡು ಎಳೆದರೆ ದಾರ ಸೀಳುತ್ತೆ.

ಹೀಗೆ ಮಾಡಿ. ದಾರವನ್ನ ಬಿಗಿಯಾಗಿ ಎಳೆದು ಹಿಡಿದು, ಹರಿತವಾದ ಸಣ್ಣ ಕತ್ತರೀಲಿ ಓರೆಯಾಗಿ ಒಂದೇ ಏಟಿಗೆ ಕತ್ತರಿಸಿ. ಎರಡು ಸಲ ಕಚ್ಚಿಸಿದರೆ ಮತ್ತೆ ಜುಂಜೇ. ಆಮೇಲೆ ಹೆಬ್ಬೆರಳು, ತೋರುಬೆರಳಿನ ಉಗುರಂಚಲ್ಲಿ 2 ಮಿ.ಮೀ. ಮಾತ್ರ ಹೊರಗೆ ಕಾಣೋ ಹಾಗೆ ಹಿಡೀಬೇಕು. ಎರಡು ಸೆಂ.ಮೀ. ಉದ್ದ ಬಿಟ್ಟು ಹಿಡಿದರೆ ತುದಿ ಬಾಗುತ್ತೆ, ಎಂಥಾ ಕಣ್ಣಿದ್ದರೂ ಹೋಗಲ್ಲ. ಹೊಸೆಯೋದಾದರೂ ಹುರಿ ಬಿಗಿಯಾಗೋ ಕಡೆಗೇ ಹೊಸೀಬೇಕು, ಎದುರು ದಿಕ್ಕಿಗೆ ಹೊಸೆದರೆ ಬಿಚ್ಚಿಕೊಳ್ಳುತ್ತೆ.

ಜರಿಅಂಚು
ಎಂಜಲು ಹಚ್ಚಿದರೆ ತುದಿ ಚೂಪಾಗೋದು ನಿಜ ತಾನೇ. ಊರೆಲ್ಲಾ ಹಾಗೇ ಮಾಡೋದು.

ಬಾಬಿನ್_ಕುಡ್ಲ
ಕಾಟನ್ ದಾರ ನೀರು ಕುಡಿದು ಊದ್ತದೆ ಮಾರಾಯ್ರೆ. ಪಾಲಿಯೆಸ್ಟರ್ ಹೆಚ್ಚುಕಡಿಮೆ ನೀರು ಹೀರುವುದೇ ಇಲ್ಲ, ಎರಡು ಕ್ಷಣ ಎಳೆಗಳು ಅಂಟಿಕೊಂಡ ಹಾಗೆ ಕಾಣ್ತದೆ, ಅಷ್ಟೆ. ದಾರಕ್ಕಿಂತ ಸೂಜಿ ಕಣ್ಣಿಗೆ ಒದ್ದೆ ಬೆರಳು ತಾಗಿಸುವುದು ಒಳ್ಳೇದು. ಒಣ ತುದಿ ಒದ್ದೆ ಕಣ್ಣಿನ ಹತ್ರ ಬಂದ ಕೂಡಲೇ ಒಳಗೆ ಎಳೆದುಕೊಂಡ ಹಾಗೆ ಹೋಗ್ತದೆ. ಆಮೇಲೆ ಸೂಜಿ ಒರೆಸಬೇಕು, ನಮ್ಮ ಕರಾವಳಿಯ ಹವೆಗೆ ತುಕ್ಕು ಹಿಡಿಯಲು ತಡ ಇಲ್ಲ. ಮತ್ತೆ ಗಿರಾಕಿಯ ರೇಷ್ಮೆ ಬಟ್ಟೆ ಮೇಲೆ ಎಂಜಲು ದಾರ ಯಾಕೆ? ಒಂದು ಚಿಕ್ಕ ಸ್ಪಂಜು ಇಟ್ಟುಕೊಳ್ಳಿ.

ಜರಿಅಂಚು
ಆ ಮಾತು ಒಪ್ಪಿದೆ. ಜರಿ ದಾರಕ್ಕಂತೂ ನೀರು ಕೆಲಸ ಮಾಡಲ್ಲ, ಅದರ ದಾರಿ ಬೇರೆ. ಆಮೇಲೆ ಬರೀತೀನಿ.

ರಿಪೇರಿ_ಧಾರವಾಡ
ನೂಲೆಳೆಯವರ, ಬಿಳಿ ಪೇಪರ್ ಎಲ್ಲಿ ಇಟ್ಟಿದ್ರಿ? ಸೂಜಿ ಹಿಂದ, ಅಂದ್ರ ಕುಂತವರ ಎದುರಿಗಿನ ಕಡೆ ಅಲ್ಲೇನ್ರಿ? ನಿಮ್ಮ ಮಿಷನ್ನಾಗ ಅದು ಉಪಯೋಗ ಇಲ್ರಿ. ಬಾಬಿನ್ ಕೇಸ್ ಎಡಕ್ಕ ಹಾಕೋ ಕಪ್ಪು ಮಿಷನ್ನಾಗ ಸೂಜಿ ಕಣ್ಣು ಎಡ-ಬಲಕ್ಕ ತೆರೆದಿರ್ತೈತಿ. ದಾರ ಎಡದಿಂದ ಹೊಕ್ಕು ಬಲಕ್ಕ ಬರಬೇಕು. ಹಂಗಾಗಿ ಪೇಪರ್ ಸೂಜಿಯ ಬಲಕ್ಕ ನಿಲ್ಲಿಸಬೇಕು, ತಲಿ ಎಡಕ್ಕ ವಾಲಿಸಿ ನೋಡಬೇಕು. ಸ್ಟೂಲ್ ಒಂದು ಗೇಣು ಎಡಕ್ಕ ಸರಿಸಿಕೊಂಡ್ರ ಕುತ್ತಿಗಿ ನೋವು ಬರಂಗಿಲ್ಲ.

ಒಂದು ಮಾತು ಖಾತ್ರಿ ಮಾಡ್ಕೋರಿ. ಸೂಜಿ ಬಿಚ್ಚಿ ಕೈಯಾಗ ಹಿಡಿದು ಉಗುರು ಆಡಿಸಿ ನೋಡ್ರಿ. ಒಂದು ಮಗ್ಗಲಿಗೆ ಮ್ಯಾಲಿಂದ ಕಣ್ಣಿನ ತನಕ ಉದ್ದಕ ಒಂದು ಗೀರು ಸಿಗ್ತೈತಿ, ಅದರಾಗ ದಾರ ಕುಂತು ಇಳೀತೈತಿ. ಇನ್ನೊಂದು ಮಗ್ಗಲಿಗೆ ಕಣ್ಣಿನ ಮ್ಯಾಲೆ ಸಣ್ಣ ತಗ್ಗು ಇರ್ತೈತಿ, ಶಟಲ್ (ಬಾಬಿನ್ ಸುತ್ತ ಆಡೋ ಕೊಕ್ಕಿ) ಮೊನಿ ಅಲ್ಲಿ ಬಂದು ದಾರ ಹಿಡೀತೈತಿ. ಗೀರು ಎಡಕ್ಕ, ತಗ್ಗು ಬಲಕ್ಕ. ಮನಿ ಮಿಷನ್ ಸೂಜಿಗೆ ತಲಿ ಒಂದು ಕಡೆ ಚಪ್ಪಟಿ ಇರ್ತೈತಿ, ಆ ಚಪ್ಪಟಿ ಬಲಕ್ಕ ಬರಬೇಕು.

ಹೊಸಕಲಿಕೆ
ಚಪ್ಪಟೆ ಭಾಗ ಹಿಂದಕ್ಕೆ ಇರಬೇಕು ಅಂತ ಕ್ಲಾಸಲ್ಲಿ ಹೇಳ್ಕೊಟ್ಟಿದ್ದಾರಲ್ಲ? ದಾರ ಮುಂದಿಂದ ಹಿಂದಕ್ಕೆ ಅಂತ.

ರಿಪೇರಿ_ಧಾರವಾಡ
ಅದು ನಿಮ್ಮ ಕ್ಲಾಸಿನ ಮಿಷನ್ನಿಗೆ ಖರೇ ಐತಿ. ಬಾಬಿನ್ ಮುಂದಿಂದ ಅಥವಾ ಮ್ಯಾಲಿಂದ ಹಾಕೋ ಹೊಸ ಬಿಳಿ ಮಿಷನ್ನಾಗ ಚಪ್ಪಟಿ ಹಿಂದಕ್ಕ, ದಾರ ಮುಂದಿಂದ. ಎಡಕ್ಕ ಬಾಬಿನ್ ಹಾಕೋದ್ರಾಗ ಚಪ್ಪಟಿ ಬಲಕ್ಕ. ಉಲ್ಟಾ ಹಾಕಿದ್ರ ಹೊಲಿಗಿ ಬೀಳಂಗಿಲ್ಲ, ಬಿದ್ರೂ ಬಿಟ್ಟು ಬಿಟ್ಟು ಬೀಳ್ತಾವು, ದಾರ ಹರೀತೈತಿ. ಯಾವ ಮಿಷನ್ ಇದ್ರೂ ಗೀರು ಇರೋ ಕಡಿಯಿಂದ ದಾರ ಹಾಕ್ರಿ, ತಪ್ಪಂಗಿಲ್ಲ.

ಗಾರ್ಮೆಂಟ್ಸ್_ಲೈನ್
ಪವರ್ ಮಿಷನ್, ಅಂದ್ರೆ ಫ್ಯಾಕ್ಟರಿ ಮೋಟಾರ್ ಮಿಷನ್ ಇರೋರಿಗೆ ಒಂದು ಮಾತು. ಅದರ ಡಿಬಿ×1 ನಮೂನೆ ಸೂಜಿಗೆ ತಲೆ ಪೂರ್ತಿ ದುಂಡು, ಚಪ್ಪಟೆ ಇರಲ್ಲ. ಮನೆ ಮಿಷನ್ನಿನ ಎಚ್‌ಎ×1 ಥರ ತಾನಾಗೇ ಸರಿ ದಿಕ್ಕಿಗೆ ಕೂರಲ್ಲ, ಗೀರು ನೋಡಿಕೊಂಡೇ ಕೂರಿಸಬೇಕು. ಸ್ವಲ್ಪ ತಿರುಗಿ ಕೂತರೂ ಕಣ್ಣು ಓರೆಯಾಗಿ ಅರ್ಧ ಮುಚ್ಚಿದ ಹಾಗೆ ಕಾಣುತ್ತೆ. ದಾರ ಹೋಗ್ತಿಲ್ಲ ಅಂತ ಬೈಯೋ ಮುಂಚೆ ಸ್ಕ್ರೂ ಸಡಿಲಿಸಿ ಸೂಜಿ ತುದಿವರೆಗೂ ಮೇಲಕ್ಕೆ ತಳ್ಳಿ, ಗೀರು ನೇರ ಎಡಕ್ಕೆ ತಿರುಗಿಸಿ, ಬಿಗಿ ಮಾಡಿ.

ನೂಲೆಳೆ
ಪೇಪರ್ ಎದುರುಗಡೆಯೇ ಇಟ್ಟಿದ್ದು! ಬಲಗಡೆ ಇಟ್ಟ ಕೂಡಲೇ ಕಣ್ಣು ಸ್ಪಷ್ಟ ಕಾಣ್ತಿದೆ. ಆದ್ರೆ ಬಿಳಿ ದಾರಕ್ಕೆ ಬಿಳಿ ಪೇಪರ್ ಇಟ್ಟರೆ ದಾರದ ತುದಿ ಕಾಣಲ್ವಲ್ಲ?

ಕತ್ತರಿಮನೆ
ಬಿಳಿ, ಹಾಲುಬಣ್ಣದ ದಾರಕ್ಕೆ ಕಡುನೀಲಿ ಅಥವಾ ಕಪ್ಪು ಬಟ್ಟೆ ತುಂಡು. ಕಪ್ಪು, ಮೆರೂನ್, ಹಸಿರಿಗೆ ಬಿಳಿ. ಒಂದು ರಟ್ಟಿನ ಚೂರಿಗೆ ಒಂದು ಕಡೆ ಬಿಳಿ, ಇನ್ನೊಂದು ಕಡೆ ಕಪ್ಪು ಅಂಟಿಸಿ ಮಿಷನ್ ಡ್ರಾಯರಲ್ಲಿ ಇಡಿ.

ಪಿಕೋಫಾಲ್
ಲೈಟು ಎಲ್ಲಿ ಬೀಳ್ತಿದೆ ಅನ್ನೋದೂ ಮುಖ್ಯ. ಎಲ್ಲರೂ ಟಾರ್ಚನ್ನ ಸೂಜಿ ಮೇಲೆ ಹಿಡೀತಾರೆ. ಸೂಜಿ ನಯವಾದ ಉಕ್ಕು, ಅದರ ಮೇಲೆ ಬೆಳಕು ಬಿದ್ದರೆ ಮಿರಮಿರ ಹೊಳೆದು ಕಣ್ಣೇ ಮಾಯ. ಬೆಳಕನ್ನ ಹಿಂದಿನ ಬಿಳಿ ರಟ್ಟಿನ ಮೇಲೆ ಬೀಳಿಸಿ, ಆಗ ಸೂಜಿ ಕಪ್ಪು ಗೆರೆ ಥರ ಕಾಣುತ್ತೆ, ಕಣ್ಣು ಅದರ ಮಧ್ಯೆ ಬೆಳ್ಳಗೆ ಚುಕ್ಕಿ ಥರ ಕಾಣುತ್ತೆ. ಬುಡದಲ್ಲಿ ಅಯಸ್ಕಾಂತ ಇರೋ, ಕತ್ತು ಬಗ್ಗುವ ಎಲ್‌ಇಡಿ ಲೈಟು ಸಿಗುತ್ತೆ. ಕಪ್ಪು ಮಿಷನ್ ಎರಕದ ಕಬ್ಬಿಣ ಆದ್ದರಿಂದ ಎಲ್ಲಿ ಬೇಕಾದ್ರೂ ಅಂಟುತ್ತೆ.

ಬಾಬಿನ್_ಕುಡ್ಲ
ಇನ್ನೊಂದು ಉಂಟು. ಪ್ರೆಸರ್ ಫೂಟ್, ಬಟ್ಟೆ ಒತ್ತಿ ಹಿಡಿಯುವ ಪಾದ. ದಾರವನ್ನು ಬಿಗಿ ಹಿಡಿಯುವ ಟೆನ್ಷನ್ ಬಿಲ್ಲೆಗಳ ಒಳಗೆ ದಾರ ಹಾಕುವಾಗ ಫೂಟ್ ಮೇಲೆ ಇರಬೇಕು, ಆಗ ಮಾತ್ರ ಬಿಲ್ಲೆ ಸಡಿಲ ಇರ್ತದೆ. ಸೂಜಿ ಕಣ್ಣಿಗೆ ಹಾಕುವಾಗ ಫೂಟ್ ಕೆಳಗೆ ಇಳಿಸಿ, ಬೆರಳಾಡಿಸಲು ಜಾಗ ಸಿಗ್ತದೆ.

ರಿಪೇರಿ_ಧಾರವಾಡ
ಬರೋಬರಿ. ಫೂಟ್ ಇಳಿಸಿ ಬಿಲ್ಲಿಯಾಗ ದಾರ ಹಾಕಿದ್ರ ಒಳಗ ಕುಂದ್ರಂಗಿಲ್ಲ, ಹೊಲಿಗಿ ಕೆಳಗ ದಾರ ಗುಂಪುಗೂಡ್ತೈತಿ. ಜನ ಬಾಬಿನ್ ಮ್ಯಾಲೆ ತಪ್ಪು ಹೊರಿಸ್ತಾರ, ತಪ್ಪು ಮ್ಯಾಲಿಂದು.

ಗಾರ್ಮೆಂಟ್ಸ್_ಲೈನ್
ನೂಲೆಳೆಯವರ ಎರಡನೇ ತೊಂದರೆಗೆ ಯಾರೂ ಉತ್ತರ ಕೊಟ್ಟಿಲ್ಲ. ಪೋಣಿಸಿದ ದಾರ ಜಾರದೇ ಇದ್ದರೆ ಪೋಣಿಸೋ ಕೆಲಸ ಕಾಲು ಭಾಗಕ್ಕೆ ಇಳಿಯುತ್ತೆ, ಆದ್ದರಿಂದ ಇದೇ ದೊಡ್ಡದು.

ದಾರ ಜಾರೋದು ಯಾಕೆ ಅಂದ್ರೆ, ಮಿಷನ್ ಮುಂದೆ ಮೇಲೆ-ಕೆಳಗೆ ಆಡೋ ತೂತಿನ ಸರಳಿದೆಯಲ್ಲ, ಟೇಕಪ್, ಅದು ಕೆಳಗಿರುವಾಗ ಹೊಲಿಗೆ ನಿಲ್ಲಿಸಿ ದಾರ ಕತ್ತರಿಸ್ತಾರೆ. ಮುಂದಿನ ಸಲ ಚಕ್ರ ತಿರುಗಿದಾಗ ಟೇಕಪ್ ಮೇಲೆ ಹೋಗುತ್ತೆ, ಹೋಗ್ತಾ ದಾರ ಎಳೆಯುತ್ತೆ. ರೀಲಿನ ಕಡೆ ಟೆನ್ಷನ್ ಹಿಡಿದಿದೆ, ಸೂಜಿ ಕಡೆ ತುದಿ ಬಿಡುವಾಗಿದೆ. ಯಾವ ಕಡೆಯಿಂದ ಬರುತ್ತೆ? ಸೂಜಿ ಕಣ್ಣಿಂದಲೇ.

ನಿಲ್ಲಿಸಿದ ಮೇಲೆ ಕೈಯಲ್ಲಿ ಚಕ್ರವನ್ನ ತಮ್ಮ ಕಡೆಗೆ ತಿರುಗಿಸಿ ಟೇಕಪ್ ತುತ್ತತುದಿಗೆ ಬರಿಸಬೇಕು. ಬಂದು ಇನ್ನೇನು ಇಳಿಯಬೇಕು ಅನ್ನೋ ಜಾಗದಲ್ಲಿ ನಿಲ್ಲಿಸಿ, ಫೂಟ್ ಎತ್ತಿ, ಬಟ್ಟೆ ಹಿಂದಕ್ಕೆ ಎಳೆದು, ಸೂಜಿಯಿಂದ 10 ಸೆಂ.ಮೀ. ದಾರ ಬಿಟ್ಟು ಕತ್ತರಿಸಬೇಕು. ಶುರು ಮಾಡುವಾಗ ಮೇಲಿನದು, ಬಾಬಿನ್‌ದು ಎರಡೂ ದಾರದ ತುದಿ ಫೂಟ್ ಕೆಳಗಿಂದ ಹಿಂದಕ್ಕೆ ತೆಗೆದು ಬೆರಳಲ್ಲಿ ಹಿಡಿದು ಮೂರು ಹೊಲಿಗೆ. ಆಮೇಲೆ ಬಿಡಿ.

ಲೂಪರ್_ಎರಡು
ತಾನಾಗೇ ದಾರ ಕತ್ತರಿಸೋ ಪವರ್ ಮಿಷನ್ನಲ್ಲೂ ಹೀಗೇ ಜಾರುತ್ತಲ್ಲ ಅಣ್ಣ? ಅಲ್ಲಿ ಟೇಕಪ್ ತಾನೇ ಮೇಲೆ ನಿಲ್ಲುತ್ತೆ.

ಗಾರ್ಮೆಂಟ್ಸ್_ಲೈನ್
ಅಲ್ಲಿ ಮುಖ್ಯ ಟೆನ್ಷನ್ ಅಲ್ಲದೆ ಅದಕ್ಕಿಂತ ಮೊದಲು ಒಂದು ಚಿಕ್ಕ ಟೆನ್ಷನ್ ನಟ್ ಇರುತ್ತೆ. ಕಟ್ ಆದ ಮೇಲೆ ಸೂಜೀಲಿ ಎಷ್ಟು ದಾರ ಉಳಿಯಬೇಕು ಅಂತ ನಿರ್ಧರಿಸೋದು ಅದೇ. ಬಲಕ್ಕೆ ತಿರುಗಿಸಿದರೆ ಉಳಿಕೆ ಗಿಡ್ಡ, ಎಡಕ್ಕೆ ತಿರುಗಿಸಿದರೆ ಉದ್ದ. ಜಾರ್ತಾ ಇದ್ದರೆ ಎಡಕ್ಕೆ ಕಾಲು ಸುತ್ತು ಕೊಟ್ಟು ನೋಡು.

ಹೊಸಕಲಿಕೆ
ಹೊಸ ಮಿಷನ್ನಲ್ಲಿ ಲಿವರ್ ಒತ್ತಿದರೆ ದಾರ ಪೋಣಿಸೋ ಥ್ರೆಡರ್ ಇದೆ. ಮೊದಲು ಹಿಡೀತಿತ್ತು, ಈಗ ಕೊಕ್ಕೆ ಸೂಜಿಗೆ ಬಡಿಯುತ್ತೆ. ಹೋಗಿದೆಯಾ ಅದು?

ಪಿಕೋಫಾಲ್
ಬಲವಂತ ಮಾಡಬೇಡಿ, ಆ ಕೊಕ್ಕೆ ಕೂದಲಷ್ಟು ತೆಳು. ಸೂಜಿ ಪೂರ್ತಿ ಮೇಲಿರಬೇಕು. ಅರ್ಧ ಮಿ.ಮೀ. ಕೆಳಗಿದ್ದರೂ ಕೊಕ್ಕೆ ಕಣ್ಣಿಗೆ ಸಿಗದೆ ಸೂಜಿ ಮೈಗೆ ಬಡಿಯುತ್ತೆ. ಸೂಜಿ ಬದಲಾಯಿಸಿದಾಗ ಪೂರ್ತಿ ಮೇಲಕ್ಕೆ ತಳ್ಳದೇ ಸ್ಕ್ರೂ ಬಿಗಿದಿದ್ದರೂ ಅದೇ ಕಥೆ. ಸೂಜಿ ಬಾಗಿದ್ಯಾ ಅಂತಲೂ ನೋಡಿ, ಚಪ್ಪಟೆ ಭಾಗವನ್ನ ಗಾಜಿನ ಮೇಲೆ ಮಲಗಿಸಿದರೆ ಸೂಜಿಗೂ ಗಾಜಿಗೂ ಮಧ್ಯದ ಸಂದು ಉದ್ದಕ್ಕೂ ಒಂದೇ ಸಮ ಇರಬೇಕು. ಈ ಥ್ರೆಡರ್ ಸಾಮಾನ್ಯವಾಗಿ 11ರಿಂದ 16ನೇ ನಂಬರ್ ಸೂಜಿಗೆ ಮಾತ್ರ. 9ಕ್ಕೆ ಒತ್ತಿದರೆ ಕೊಕ್ಕೆ ಬಾಗುತ್ತೆ. ಜೋಡಿ ಸೂಜಿಗೂ ಆಗಲ್ಲ. ಇಷ್ಟೆಲ್ಲ ಸರಿ ಇದ್ದೂ ಬಡಿದರೆ ಕೊಕ್ಕೆ ಬಾಗಿದೆ ಅಂತ ಅರ್ಥ, ಥ್ರೆಡರ್ ತುದಿ ಮಾತ್ರ ಬಿಡಿಯಾಗಿ ಸಿಗುತ್ತೆ.

ಹೊಸಕಲಿಕೆ
ಸೂಜಿ ಪೂರ್ತಿ ಮೇಲೆ ಹೋಗಿರಲಿಲ್ಲ ಅಕ್ಕ. ಈಗ ಹಿಡೀತಿದೆ.

ನೂಲೆಳೆ
ತಗಡಿನ ತಲೆ, ತೆಳು ತಂತಿಯ ಕುಣಿಕೆ ಇರೋ ಐದ್ಹತ್ತು ರೂಪಾಯಿ ಥ್ರೆಡರ್ ಕಪ್ಪು ಮಿಷನ್ನಿಗೆ ಆಗುತ್ತಾ?

ಕತ್ತರಿಮನೆ
ಆಗುತ್ತೆ, ಆದ್ರೆ ಮುಕ್ಕಾಲು ಜನ ಉಲ್ಟಾ ಹಾಕ್ತಾರೆ. ದಾರ ಎಡದಿಂದ ಬಲಕ್ಕೆ ಬರಬೇಕು ತಾನೇ? ಹಾಗಾದ್ರೆ ತಂತಿ ಬಲದಿಂದ ಎಡಕ್ಕೆ ತೂರಿಸಬೇಕು. ಎಡಗಡೆ ಹೊರಬಂದ ಕುಣಿಕೆಯೊಳಗೆ ದಾರ 5 ಸೆಂ.ಮೀ. ಹಾಕಿ, ತಂತಿಯನ್ನ ಬಂದ ದಾರಿಯಲ್ಲೇ ಬಲಕ್ಕೆ ವಾಪಸ್ ಎಳೀಬೇಕು. ಮುಂದಿಂದ ಪೋಣಿಸೋ ಮಿಷನ್ನಲ್ಲಿ ತಂತಿ ಹಿಂದಿಂದ. ಕುಣಿಕೆ ದೊಡ್ಡದು, ಕಣ್ಣು ಚೆನ್ನಾಗಿ ಕಾಣದಿದ್ದರೂ ಅದರೊಳಗೆ ದಾರ ಹಾಕಬಹುದು, ವಯಸ್ಸಾದೋರಿಗೆ ಅನುಕೂಲ. ಎಳೆಯುವಾಗ ತಗಡು ಹಿಡಿದು ಜಗ್ಗಬೇಡಿ, ತಂತಿ ಅಂಟಿಸಿರೋ ಜಾಗದಲ್ಲೇ ಕಿತ್ತು ಬರುತ್ತೆ. ತಂತಿಯನ್ನೇ ಹಿಡಿದು ಎಳೀರಿ.

ಬಾಬಿನ್_ಕುಡ್ಲ
ಕಣ್ಣಿನ ಪಕ್ಕ ಸೀಳು ಇರುವ ಸೂಜಿಯೇ ಸಿಗ್ತದೆ, ದಾರವನ್ನು ಸೂಜಿಗೆ ಒತ್ತಿ ಕೆಳಗೆ ಜಾರಿಸಿದರೆ ಸೀಳಿನೊಳಗೆ ಟಕ್ಕಂತ ಕೂರ್ತದೆ. ನೋಡುವುದೇ ಬೇಡ. ಅದನ್ನು ಯಾಕೆ ಯಾರೂ ಹೇಳಲಿಲ್ಲ?

ಗಾರ್ಮೆಂಟ್ಸ್_ಲೈನ್
ಸೀಳಿರೋ ಜಾಗದಲ್ಲಿ ಸೂಜಿ ದುರ್ಬಲ, ಜೀನ್ಸ್ ಮಡಿಕೆ, ಕಾಲರ್ ಪಟ್ಟಿ ಮೇಲೆ ಮುರಿಯುತ್ತೆ. ತೆಳು ರೇಷ್ಮೆ, ಜಾರ್ಜೆಟ್‌ನಲ್ಲಿ ಸೀಳಿನ ಅಂಚು ಎಳೆ ಎಳೆಯುತ್ತೆ. ನೋಡದೇ ಪೋಣಿಸಬೇಕಾದೋರಿಗೆ ವರವೇ ಸರಿ, ಕಾಟನ್ ಲಂಗ, ದಿಂಬಿನ ಕವರ್, ರವಿಕೆಗೆ ನಡೆಯುತ್ತೆ. ಚಪ್ಪಟೆ ತಲೆಯದ್ದು, 12, 14ನೇ ನಂಬರಲ್ಲಿ ಕೇಳಿ. ಟಾಪ್‌ಸ್ಟಿಚ್ ಸೂಜಿ ಇನ್ನೂ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಸೀಳು ಇಲ್ಲ, ಕಣ್ಣು ಮಾಮೂಲಿಗಿಂತ ಸುಮಾರು ಎರಡರಷ್ಟು ಉದ್ದ, ಗಟ್ಟಿಯಾಗೂ ಇರುತ್ತೆ.

ಬಾಬಿನ್_ಕುಡ್ಲ
ಟಾಪ್‌ಸ್ಟಿಚ್ ಸೂಜಿಯ ಮೊನೆ ಚೂಪು. ಬನಿಯನ್, ಟೀ-ಶರ್ಟ್ ಬಟ್ಟೆಗೆ ತೂತು ಬೀಳ್ತದೆ, ಅದಕ್ಕೆ ಮೊನೆ ದುಂಡಗಿರುವ ಬಾಲ್‌ಪಾಯಿಂಟ್ ಸೂಜಿಯೇ ಬೇಕು. ಅದನ್ನೂ ಹೇಳಿ.

ಗಾರ್ಮೆಂಟ್ಸ್_ಲೈನ್
ಹೌದು, ಅದು ಹೆಣೆದ ಬಟ್ಟೆಗೆ ಬೇಡ. ಸರಿಯಾಗಿ ಹೇಳಿದ್ರಿ.

ಪಿಕೋಫಾಲ್
ಸೂಜಿ ನಂಬರಿಗೂ ದಾರಕ್ಕೂ ಹೊಂದಬೇಕು. 14 ಅಂದ್ರೆ ಇನ್ನೊಂದು ಲೆಕ್ಕದಲ್ಲಿ 90, ಸೂಜಿ ಮೈ 0.9 ಮಿ.ಮೀ. ದಪ್ಪ. 11 ಅಂದ್ರೆ 75, 16 ಅಂದ್ರೆ 100. ಸೂಜಿ ತೆಳುವಾದಷ್ಟೂ ಕಣ್ಣೂ ಕಿರಿದು. ಜೀನ್ಸ್ ದಪ್ಪ ದಾರ 11ಕ್ಕೆ ಪೋಣಿಸೋಕೆ ಹೆಣಗಾಡೋರನ್ನ ನೋಡಿದ್ರೆ ಬೇಜಾರಾಗುತ್ತೆ, ಅಲ್ಲಿ ನೋಡೋರ ಕಣ್ಣಿನದೇನೂ ತಪ್ಪಿಲ್ಲ. ಪರೀಕ್ಷೆ ಸುಲಭ. ಬಿಡಿ ಸೂಜಿಗೆ ಒಂದು ಅಡಿ ದಾರ ಪೋಣಿಸಿ, ಎರಡು ತುದಿ ಹಿಡಿದು ಓರೆ ಮಾಡಿ. ಸೂಜಿ ತಾನಾಗೇ ಜಾರಿ ಇಳಿದರೆ ಹೊಂದುತ್ತೆ. ಮಧ್ಯೆ ನಿಂತರೆ ಮುಂದಿನ ನಂಬರ್ ಸೂಜಿ ತಗೊಳ್ಳಿ.

ಲೂಪರ್_ಎರಡು
ಬಣ್ಣ ಬದಲಾಯಿಸುವಾಗ ಪೂರ್ತಿ ಬಿಚ್ಚೋದೇ ಬೇಡ. ರೀಲಿನ ಹತ್ತಿರ ಹಳೇ ದಾರ ಕತ್ತರಿಸಿ ಹೊಸ ದಾರಕ್ಕೆ ಗಂಟು ಹಾಕಿ, ಫೂಟ್ ಎತ್ತಿ, ಸೂಜಿ ಕಡೆಯಿಂದ ನಿಧಾನ ಎಳೆದರೆ ಟೆನ್ಷನ್, ಟೇಕಪ್ ಎಲ್ಲ ದಾಟಿ ಬರುತ್ತೆ. ಬಟ್ಟೆ ಅಂಚು ಬಿಚ್ಚದ ಹಾಗೆ ಹೊಲಿಯೋ ಓವರ್‌ಲಾಕ್ ಮಿಷನ್ನಲ್ಲಿ ಎಲ್ಲರೂ ಮಾಡೋದೇ ಇದು. ನೇಕಾರರು ಹಾಕೋ ಥರದ ಚಪ್ಪಟೆ ಗಂಟು ಹಾಕಿ, ಬಾಲ 1 ಸೆಂ.ಮೀ. ಬಿಡಿ. ತೀರಾ ಗಿಡ್ಡ ಕತ್ತರಿಸಿದರೆ ಟೆನ್ಷನ್‌ನಲ್ಲಿ ಬಿಚ್ಚುತ್ತೆ.

ನೂಲೆಳೆ
ಗಂಟು ಸೂಜಿ ಕಣ್ಣಲ್ಲೂ ಹೋಗುತ್ತಾ?

ಲೂಪರ್_ಎರಡು
14ರಲ್ಲಿ ನಂಬಬೇಡಿ. ಕಣ್ಣಿನ ಮೇಲಿನ ಕೊನೆ ಕೊಂಡಿವರೆಗೆ ಬರಲಿ, ಅಲ್ಲಿ ಗಂಟು ಕತ್ತರಿಸಿ ಕಣ್ಣಿಗೆ ಮಾತ್ರ ಪೋಣಿಸಿ. ಜಗ್ಗಿದರೆ ಸೂಜಿ ಬಾಗುತ್ತೆ. ರೀಲಿನ ಕಡೆಯಿಂದ ಹಿಂದಕ್ಕೆ ಎಳೆಯೋದಂತೂ ಬೇಡವೇ ಬೇಡ, ಜುಂಜು ಎಲ್ಲ ಟೆನ್ಷನ್ ಬಿಲ್ಲೆಗೆ ತುಂಬಿಕೊಳ್ಳುತ್ತೆ.

ಓವರ್‌ಲಾಕ್ ಮಾತು ಬಂತಲ್ಲ, ಅಲ್ಲಿ ಪೂರ್ತಿ ಹೊಸದಾಗಿ ಪೋಣಿಸೋದಾದರೆ ಮೇಲಿನ ಲೂಪರ್ (ಬಾಬಿನ್ ಬದಲು ದಾರ ಕುಣಿಕೆ ಮಾಡೋ ಕೊಕ್ಕೆ), ಕೆಳಗಿನ ಲೂಪರ್, ಕೊನೆಗೆ ಸೂಜಿ. ಸೂಜಿ ಮೊದಲು ಪೋಣಿಸಿ ಆಮೇಲೆ ಕೆಳಗಿನ ಲೂಪರ್ ಹಾಕಿದರೆ ದಾರ ಒಂದಕ್ಕೊಂದು ಸಿಕ್ಕಿ ತುಳಿದ ಕೂಡಲೇ ಪಟ್ಟಂತ ಹರಿಯುತ್ತೆ. ಮಧ್ಯೆ ಕೆಳಗಿನ ಲೂಪರ್ ಹರಿದರೂ ಸೂಜಿ ದಾರ ಬಿಚ್ಚಿ ಕೊನೆಗೆ ಹಾಕಿ.

ಜರಿಅಂಚು
ಜರಿ ದಾರದ ಬಗ್ಗೆ ಹೇಳ್ತೀನಿ ಅಂದಿದ್ದೆ. ಜರಿ ಅಂದ್ರೆ ಒಳಗೆ ಒಂದು ಎಳೆ, ಅದರ ಸುತ್ತ ಹೊಳೆಯೋ ಪಟ್ಟಿ ಸುತ್ತಿರೋದು. ಕತ್ತರಿಸಿದ ಕೂಡಲೇ ಪಟ್ಟಿ ಹಿಂದಕ್ಕೆ ಸುರುಳಿ ಬಿಚ್ಚುತ್ತೆ. ತುದಿ 1 ಸೆಂ.ಮೀ. ಫೆವಿಕಾಲಲ್ಲಿ ಅದ್ದಿ, ಬೆರಳಲ್ಲಿ ಒಂದು ಸಲ ನೇವರಿಸಿ ಒಣಗಲು ಬಿಡಿ. ಕಡ್ಡಿ ಥರ ಗಟ್ಟಿಯಾಗುತ್ತೆ. ಆಮೇಲೆ ಓರೆಯಾಗಿ ಕತ್ತರಿಸಿ ಪೋಣಿಸಿ. ಉಗುರು ಬಣ್ಣವೂ ಆಗುತ್ತೆ, ಬೇಗ ಒಣಗುತ್ತೆ. ಅಂಟಿರೋ ಭಾಗ ಕಣ್ಣು ದಾಟಿದ ಮೇಲೆ ಕತ್ತರಿಸಿ ಎಸೀಬೇಕು, ಹೊಲಿಗೆಗೆ ಹೋಗಬಾರದು. ಇದು ಮಾಮೂಲಿ ಪಾಲಿಯೆಸ್ಟರಿಗೂ ನಡೆಯುತ್ತೆ.

ಹೊಸಕಲಿಕೆ
ಮೇಣದ ಬತ್ತಿಗೆ ದಾರ ಉಜ್ಜಬಹುದಾ?

ರಿಪೇರಿ_ಧಾರವಾಡ
ತುದಿಗೆ ಅಷ್ಟ. ಉದ್ದಕ ಉಜ್ಜಿದ್ರ ಮೇಣ ಟೆನ್ಷನ್ ಬಿಲ್ಲಿಗೆ ಹತ್ತಿ, ಧೂಳು ಸೇರಿ ಜಿಗಟಾಗ್ತೈತಿ. ಕೈಹೊಲಿಗಿಗೆ ಮೇಣ ಛಲೋ, ಮಿಷನ್ನಿಗೆ ಬ್ಯಾಡ. ಮತ್ತ ಸೂಜಿ ಎಷ್ಟು ದಿನದ್ದು ಅಂತ ಯಾರೂ ಕೇಳಲಿಲ್ಲ. ಎಂಟು ತಾಸು ಹೊಲದ ಮ್ಯಾಲೆ ಸೂಜಿ ಬದಲಿ ಮಾಡ್ರಿ. ಅಂಟು ಕ್ಯಾನ್ವಾಸ್ ಹೊಲದ್ರ ಅಂಟು ಕಣ್ಣಾಗ ಕುಂತು ತೂತು ಅರ್ಧ ಮುಚ್ಚಿರ್ತೈತಿ, ಬೆಳಕಿಗೆ ಹಿಡಿದು ನೋಡಿದ್ರ ಗೊತ್ತಾಗ್ತೈತಿ.

ಚಷ್ಮಾ_ಲೆಕ್ಕ
ಕನ್ನಡಕದ ಮಾತು ಹಾಗೇ ಉಳೀತು. ಬೈಫೋಕಲಲ್ಲಿ ಹತ್ತಿರದ ಪವರ್ ಕೆಳಗಿನ ತುಂಡಲ್ಲಿ ಇರುತ್ತೆ, ಪುಸ್ತಕ ಕೆಳಗೆ ಹಿಡಿದು ಓದೋಕೆ ಅಂತ. ಮಿಷನ್ ಸೂಜಿ ನೋಡಲು ಬಗ್ಗಿದಾಗ ಅದು ಮುಖದ ನೇರಕ್ಕೆ ಬರುತ್ತೆ, ಆಗ ನೋಡ್ತಿರೋದು ಮೇಲಿನ ದೂರದ ಪವರಿಂದ. ಅದಕ್ಕೇ ಗಲ್ಲ ಎತ್ತಿ, ಕುತ್ತಿಗೆ ಹಿಂದಕ್ಕೆ ಹಾಕಿ ನೋಡಬೇಕಾಗುತ್ತೆ. ಹೊಲಿಗೆಗೆ ಅಂತಲೇ ಪೂರ್ತಿ ಗಾಜು ಹತ್ತಿರದ ಪವರ್ ಇರೋ ಬೇರೆ ಕನ್ನಡಕ ಮಾಡಿಸಿ.

ಇನ್ನೊಂದು, ಓದುವ ಪವರ್ ಸಾಮಾನ್ಯವಾಗಿ 40 ಸೆಂ.ಮೀ. ದೂರಕ್ಕೆ ಕೊಡೋದು. ಪೋಣಿಸುವಾಗ ಕಣ್ಣು ಅದಕ್ಕಿಂತ ಹತ್ತಿರ ಹೋಗುತ್ತೆ. ಅವರು ಬಗ್ಗಿ ಕೂತಾಗ ಕಣ್ಣಿಂದ ಸೂಜಿಗೆ ಟೇಪ್ ಹಿಡಿದು ಅಳೆಯಿರಿ.

ನೂಲೆಳೆ
ಅಳೆದೆ, 33 ಸೆಂ.ಮೀ. ಟೇಕಪ್ ಮೇಲೆ ನಿಲ್ಲಿಸಿ ಹೊಲಿಯೋದು ಶುರುವಾಗಿದೆ, ಬೆಳಗ್ಗೆಯಿಂದ ನಾಲ್ಕು ರವಿಕೆ ತೋಳಿಗೆ ಒಂದು ಸಲವೂ ದಾರ ಜಾರಿಲ್ಲ. ಓರೆ ಕತ್ತರಿಸಿ, ಬಲಗಡೆ ರಟ್ಟು ಇಟ್ಟು ಎರಡನೇ ಪ್ರಯತ್ನಕ್ಕೇ ಹೋಯ್ತು. ತಂತಿ ಥ್ರೆಡರ್ ಬೇಕಾಗಲಿಲ್ಲ.

ಚಷ್ಮಾ_ಲೆಕ್ಕ
33 ಸೆಂ.ಮೀ.ಗೆ +3 ಹತ್ತಿರ ಬರುತ್ತೆ, 40ಕ್ಕೆ +2.5. ದೂರದ ಪವರ್ ಬೇರೆ ಇದ್ದರೆ ಅದನ್ನೂ ಸೇರಿಸಿ ಲೆಕ್ಕ ಹಾಕಬೇಕು, ಆದ್ದರಿಂದ ರೆಡಿಮೇಡ್ ತಗೋಬೇಡಿ. ಕಣ್ಣಿನ ಡಾಕ್ಟರ ಹತ್ತಿರ ‘33 ಸೆಂ.ಮೀ. ದೂರದ ಕೆಲಸ’ ಅಂತ ಅದೇ ಅಂಕಿ ಹೇಳಿ. ಅಳೆದಾಗ ಸ್ಟೂಲ್ ಎಡಕ್ಕೆ ಸರಿಸಿದ ಮೇಲೆ ಅಳೆದದ್ದು ತಾನೇ?

ನೂಲೆಳೆ
ಹೌದು, ಸರಿಸಿದ ಮೇಲೇ.